ಟೆಂಡರ್ ಆಗುವ ಮೊದಲು ನಮ್ಮನ್ನೂ ಒಮ್ಮೆ ಕೇಳಿ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಪಾಲಿಕೆ ಆಯುಕ್ತರಿಗೆ, ನಗರಾಭಿವೃದ್ಧಿ ಪ್ರಾಧಿಕಾರದವರಿಗೆ, ನಮ್ಮ ಶಾಸಕರಿಗೆ, ಮತ್ತೆ ಮಂಗಳೂರಿನ ಹಳೇ ಕಟ್ಟಡಗಳ ಫೈಲು ಯಾರ ಯಾರ ಟೇಬಲ್ಲಿಗೆ ಹೋಗ್ತದೋ ಅವರಿಗೆಲ್ಲ,

ನಮಸ್ಕಾರ.

ನಾನು ಹಂಪನಕಟ್ಟೆ ಹತ್ತಿರ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಟುಕೊಂಡವ. ಹತ್ತೊಂಬತ್ತು ವರ್ಷ ಆಯ್ತು. ಬೆಳಿಗ್ಗೆ ಶಟರ್ ತೆಗೆದಲ್ಲಿಂದ ರಾತ್ರಿ ಹಾಕುವವರೆಗೆ ಟೈಪ್ ಮಾಡುದೇ ಕೆಲಸ, ಅರ್ಜಿ, ಅಫಿಡವಿಟ್, ಮನವಿ, ಆಕ್ಷೇಪಣೆ, ಮದುವೆ ಕಾಗದ, ಬೊಜ್ಜದ (ಉತ್ತರಕ್ರಿಯೆಯ) ಕಾಗದ ಎಲ್ಲ. ನಿಮ್ಮ ಕಚೇರಿಗಳಿಗೆ ಬರುವ ಮನವಿಗಳಲ್ಲಿ ಎಷ್ಟೋ ನನ್ನ ಕೀಬೋರ್ಡಲ್ಲೇ ಹುಟ್ಟಿದ್ದು, ಹಾಗಾಗಿ ಜನ ಸರ್ಕಾರಕ್ಕೆ ಎಂತ ಹೇಳ್ಲಿಕ್ಕೆ ಬಯಸ್ತಾರೆ, ಅದು ಹೇಗೆ ಹೋಗ್ತದೆ, ಹೋದ ಮೇಲೆ ಏನಾಗ್ತದೆ ಅಂತ ನನಗೆ ಸ್ವಲ್ಪ ಗೊತ್ತುಂಟು. ಇಷ್ಟು ವರ್ಷ ಬೇರೆಯವರ ಮಾತು ಟೈಪ್ ಮಾಡಿದೆ, ಇವತ್ತು ನನ್ನದೇ ಮಾತು ಟೈಪ್ ಮಾಡ್ತಾ ಇದ್ದೇನೆ.

ವಿಷಯ ಇಷ್ಟೇ. ಹಳೇ ಕಟ್ಟಡ ಕೆಡಹುವಾಗ, ಹಳೇ ಬೀದಿ ಅಗಲ ಮಾಡುವಾಗ, ಹಳೇ ಮಾರ್ಕೆಟ್ಟು ಎತ್ತಂಗಡಿ ಮಾಡುವಾಗ ನೀವು ಜನರನ್ನು ಕೇಳುದೇ ಇಲ್ಲ ಅಂತ ನಾನು ಹೇಳುದಿಲ್ಲ. ಕೇಳ್ತೀರಿ. ಆದ್ರೆ ಡಿಪಿಆರ್ (ಯೋಜನೆಯ ವಿವರವಾದ ವರದಿ) ಆಗಿ, ದುಡ್ಡು ಮಂಜೂರಾಗಿ, ಟೆಂಡರ್ ಕರೆದು, ಕಂಟ್ರಾಕ್ಟರ್ ಯಾರು ಅಂತ ನಿಕ್ಕಿ ಆದ ಮೇಲೆ ಕೇಳ್ತೀರಿ. ಆಗ ನಾವು ಹೇಳಿದ್ದು ಯಾವ ಕಾಲಮ್ಮಿಗೂ ಹೋಗಿ ಕೂರುದಿಲ್ಲ. ಹೇಳುವವನಿಗೂ ಬೇಜಾರು, ಕೇಳುವವರಿಗೂ ಹಿಂಸೆ.

ಒಂದು ಘಟನೆ ಹೇಳ್ತೇನೆ. ಕಟ್ಟಡ ಯಾವುದು, ಇಲಾಖೆ ಯಾವುದು ಅಂತ ಬರೆಯುದಿಲ್ಲ, ಒಬ್ಬರನ್ನು ಹಿಡಿದು ಬೈಲಿಕ್ಕೆ ಈ ಪತ್ರ ಬರೀತಾ ಇಲ್ಲ. ನಮ್ಮ ಊರಲ್ಲೇ ಒಂದು ಹಳೇ ಸರ್ಕಾರಿ ಕಟ್ಟಡ, ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಮುಂದೆ ಉದ್ದ ಜಗಲಿ, ಬಾಗಿಲಿನ ಎರಡು ಬದಿಗೆ ಮರದ ಅಳಿ ಹಾಕಿದ ಕಿಟಕಿ. ಅದು ಶಿಥಿಲ ಆಗಿದೆ, ಕೆಡವಿ ಹೊಸ ಕಾಂಪ್ಲೆಕ್ಸ್ ಕಟ್ತೇವೆ ಅಂತ ಒಂದು ನೋಟಿಸ್ ಬಂತು. ಬಂತು ಅಂದ್ರೆ ಒಂದು ಎ-ಫೋರ್ ಶೀಟು, ಇಂಗ್ಲಿಷಲ್ಲಿ, ಕಚೇರಿಯ ಒಳಗಿನ ನೋಟಿಸ್ ಬೋರ್ಡಿನ ಗಾಜಿನ ಹಿಂದೆ, ಹಳೇ ಟೆಂಡರ್ ನೋಟಿಸುಗಳ ನಡುವೆ, ಮೇಲಿನ ಒಂದು ಮೂಲೆಗೆ ಮಾತ್ರ ಪಿನ್ನು. ಆಕ್ಷೇಪಣೆ ಇದ್ದವರು ಏಳು ದಿನದೊಳಗೆ ಕೊಡಬೇಕು ಅಂತ. ನನಗೆ ಗೊತ್ತಾದದ್ದು ಐದನೇ ದಿನ, ಬೇರೆ ಯಾವುದೋ ಕೆಲಸಕ್ಕೆ ಹೋದ ಗಿರಾಕಿಯೊಬ್ಬರು ಮೊಬೈಲಲ್ಲಿ ಫೋಟೋ ತೆಗೆದು ಇದು ಎಂತದ್ದು ಓದಿ ಹೇಳಿ ಅಂತ ತಂದು ತೋರಿಸಿದ ಕಾರಣ.

ಆರನೇ ದಿನ ಸಂಜೆ ನನ್ನ ಅಂಗಡಿಗೆ ಒಬ್ಬರು ಮೇಸ್ತ್ರಿ ಬಂದ್ರು. ಎಪ್ಪತ್ತು ದಾಟಿದೆ, ಅಪ್ಪನ ಜೊತೆ ಹುಡುಗ ಆಗಿದ್ದಾಗಿಂದ ಗಾರೆ ಹೊತ್ತವರು, ಆ ಕಟ್ಟಡದ ರಿಪೇರಿಗೂ ಒಂದು ಕಾಲದಲ್ಲಿ ಹೋಗಿದ್ದವರು. ಕೂತರು, ನಾನು ಚಾ ತರಿಸಿದೆ, ಅವರು ತುಳುವಿನಲ್ಲಿ ಹೇಳ್ತಾ ಹೋದ್ರು ನಾನು ಕನ್ನಡದಲ್ಲಿ ಟೈಪ್ ಮಾಡ್ತಾ ಹೋದೆ. ಮೊದಲ ಮಾತೇ "ಗೋಡೆಗ್ ದಾಲ ಆತಿಜಿ". ಗೋಡೆಗೆ ಏನೂ ಆಗಲಿಲ್ಲ. ಮತ್ತೆ ಆದದ್ದು ಎಲ್ಲಿಗೆ ಅಂತ ಕೇಳಿದ್ದಕ್ಕೆ ಅವರು ಹೇಳಿದ್ದು ಕೇಳಿ. ಮೊದಲು ಆ ಜಗಲಿಗೆ ಹತ್ತಲಿಕ್ಕೆ ಮೂರು ಮೆಟ್ಟಿಲು ಇತ್ತಂತೆ, ಮುಂದಿನ ರಸ್ತೆಗೆ ಡಾಮರಿನ ಮೇಲೆ ಡಾಮರು, ಅದರ ಮೇಲೆ ಕಾಂಕ್ರೀಟು ಹಾಕಿ ಹಾಕಿ ಈಗ ರಸ್ತೆಯಿಂದ ಜಗಲಿಗೆ ಒಂದು ಮೆಟ್ಟಿಲು ಇಳೀಬೇಕು. ಮಳೆಗಾಲದಲ್ಲಿ ರಸ್ತೆಯ ನೀರೆಲ್ಲ ಸೀದಾ ಪಂಚಾಂಗಕ್ಕೆ, ಅಂದ್ರೆ ಗೋಡೆಯ ಅಡಿಪಾಯಕ್ಕೆ. ಕೆಂಪುಕಲ್ಲು ನೀರು ಕುಡೀತದೆ, ಬಿಸಿಲು ಬಂದಾಗ ಬಿಡ್ತದೆ, ಅದು ಅದರ ಗುಣ, ಅದಕ್ಕೇ ಹಿಂದಿನವರು ಮೇಲಿಂದ ಸುಣ್ಣದ ಗಾರೆ ಹಾಕ್ತಿದ್ದದ್ದು, ಕುಡಿದ ನೀರು ಹೊರಗೆ ಹೋಗ್ಲಿಕ್ಕೆ ದಾರಿ ಇರ್ತಿತ್ತು. ಯಾವಾಗಲೋ ಒಮ್ಮೆ ರಿಪೇರಿ ಅಂತ ಹೇಳಿ ಆ ಸುಣ್ಣ ಕೆತ್ತಿ ತೆಗೆದು ಸಿಮೆಂಟ್ ಸಾರಣೆ ಮಾಡಿ ಮೇಲಿಂದ ಪೈಂಟ್ ಬಳಿದರು, ನೀರು ಒಳಗೇ ಸಿಕ್ಕಿ ಬಿತ್ತು, ಸಾರಣೆ ಉಬ್ಬಿ ಚಕ್ಕೆ ಚಕ್ಕೆಯಾಗಿ ಬೀಳ್ಲಿಕ್ಕೆ ಶುರು ಆಯ್ತು. ನೋಡಿದವರಿಗೆ ಗೋಡೆಯೇ ಕುಸೀತಾ ಇದೆ ಅಂತ ಕಾಣ್ತದೆ.

ಅವರ ಮದ್ದು ಕೂಡ ಸರಳ. ಸುತ್ತ ಒಂದು ಚರಂಡಿ ತೋಡಿ ನೀರು ಹೊರಗೆ ಹಾಕಿ, ಸಿಮೆಂಟ್ ತೆಗೀರಿ, ಒಂದು ಬೇಸಗೆ ಗೋಡೆ ಒಣಗ್ಲಿಕ್ಕೆ ಬಿಡಿ, ಆಮೇಲೆ ಸುಣ್ಣದ ಗಾರೆ ಹಾಕಿ, ಮಾಡಿನಲ್ಲಿ ಒರಲೆ (ಗೆದ್ದಲು) ಹಿಡಿದ ಪಕ್ಕಾಸು (ಮಾಡು ಹೊರುವ ಮರ) ನಾಲ್ಕೋ ಐದೋ ಉಂಟು, ಅದು ಬದಲಿಸಿ, ರೀಪು (ಹಂಚು ಕೂರುವ ಮರದ ಪಟ್ಟಿ) ನೋಡಿ, ಒಡೆದ ಹಂಚು ಬದಲಿಸಿ. ಎರಡು ಪುಟ ಆಯ್ತು. ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದ್ರು, ಒಂದು ಕಡೆ ನಿಲ್ಲಿಸಿ "ಚರಂಡಿ ಪಡುವಕ್ಕೆ ಇಳಿಜಾರು ಇರಬೇಕು ಅಂತ ಸೇರಿಸಿ, ಇಲ್ಲದಿದ್ರೆ ಅದೇ ಕತೆ" ಅಂದ್ರು. ಸೇರಿಸಿದೆ. ಏಳನೇ ದಿನ ನಾನೇ ಜೊತೆಗೆ ಹೋಗಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಂಡು ಬಂದದ್ದು.

ನೀವೇ ಹೇಳಿ, ಇದು ಭಾವನಾತ್ಮಕ ಮಾತಾ? ಹಳೇ ಕಟ್ಟಡದ ಬಗ್ಗೆ ಜನ ಮಾತಾಡಿದ್ರೆ ಅದು ಸೆಂಟಿಮೆಂಟು, ಇಂಜಿನಿಯರ್ ಬರೆದದ್ದು ಮಾತ್ರ ಟೆಕ್ನಿಕಲ್ ಅಂತ ಒಂದು ಲೆಕ್ಕ ಉಂಟು ನಮ್ಮಲ್ಲಿ. ಆ ಎರಡು ಪುಟದಲ್ಲಿ ಸೆಂಟಿಮೆಂಟಿನ ಒಂದು ಶಬ್ದ ಇರಲಿಲ್ಲ, ನೀರು ಎಲ್ಲಿಂದ ಬರ್ತದೆ ಎಲ್ಲಿಗೆ ಹೋಗಬೇಕು ಅಂತ ಮಾತ್ರ ಇತ್ತು. ನಮ್ಮದು ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರು, ಇಲ್ಲಿ ಒಂದು ಗೋಡೆಯ ಆಯುಷ್ಯ ಅಂದ್ರೆ ನೀರಿನ ದಾರಿಯ ವಿಷಯವೇ, ಅದು ನಲವತ್ತು ಮಳೆಗಾಲ ಆ ಗೋಡೆ ನೋಡಿದವನಿಗೆ ಗೊತ್ತಿರ್ತದೆ, ಬೇಸಗೆಯಲ್ಲಿ ಒಂದು ದಿನ ಬಂದು ಫೋಟೋ ತೆಗೆದು ಹೋಗುವ ಕನ್ಸಲ್ಟೆಂಟಿಗೆ ಹೇಗೆ ಗೊತ್ತಾಗಬೇಕು.

ಆಮೇಲೆ ಒಂದು ಸಭೆ ಇಟ್ರು, ಸಾರ್ವಜನಿಕ ಸಭೆ ಅಂತಲೇ ಬ್ಯಾನರು. ಪ್ರೊಜೆಕ್ಟರಲ್ಲಿ ಹೊಸ ಕಾಂಪ್ಲೆಕ್ಸಿನ ತ್ರೀಡಿ ಚಿತ್ರ, ಸುತ್ತ ನೀಲಿ ಗಾಜು, ಮುಂದೆ ನಮ್ಮ ಕಡೆ ಬೆಳೆಯದ ಮರಗಳು. ಮುಕ್ಕಾಲು ಗಂಟೆ ಅದೇ ಆಯ್ತು. ಕೊನೆಗೆ, ಟೆಂಡರ್ ಪ್ರಕ್ರಿಯೆ ಮುಗಿದಿದೆ, ಈಗ ಸಾರ್ವಜನಿಕರು ಸಲಹೆ ಕೊಡಬಹುದು ಅಂದ್ರು. ಮೇಸ್ತ್ರಿ ಕೈ ಎತ್ತಿದ್ರು. ತುಳುವಿನಲ್ಲಿ ಶುರು ಮಾಡಿದ್ರು, ವೇದಿಕೆಯಲ್ಲಿದ್ದ ಸಾಹೇಬರು ಘಟ್ಟದ ಮೇಲಿನವರು, ಅವರಿಗೆ ಅರ್ಥ ಆಗಲಿಲ್ಲ, ಅದು ಅವರ ತಪ್ಪಲ್ಲ, ಆದ್ರೆ ಅನುವಾದ ಮಾಡ್ಲಿಕ್ಕೆ ಒಬ್ಬರನ್ನು ಕೂರಿಸಿರಲಿಲ್ಲ. ಪಕ್ಕದಲ್ಲಿದ್ದ ಯಾರೋ ಅರ್ಧಂಬರ್ಧ ಹೇಳಿದ್ರು. ನೋಟ್ ಮಾಡಿಕೊಂಡಿದ್ದೇವೆ ಅಂತ ಉತ್ತರ. ಆಮೇಲೆ ನಾನು ಮಾಹಿತಿ ಹಕ್ಕಿನಲ್ಲಿ ಆ ಸಭೆಯ ನಡಾವಳಿ ತರಿಸಿ ನೋಡಿದೆ. ಜನರ ಬಗ್ಗೆ ಅದರಲ್ಲಿ ಇದ್ದದ್ದು ಒಂದೇ ಸಾಲು, ಸಾರ್ವಜನಿಕರು ಯೋಜನೆಯನ್ನು ಸ್ವಾಗತಿಸಿದರು ಅಂತ. ಮೇಸ್ತ್ರಿಯವರ ಹೆಸರಿಲ್ಲ, ಚರಂಡಿ ಇಲ್ಲ, ಸುಣ್ಣ ಇಲ್ಲ. ಆ ಕಾಗದ ನಾನು ಅವರಿಗೆ ಇವತ್ತಿನವರೆಗೆ ತೋರಿಸ್ಲಿಲ್ಲ, ಕೈ ಬರಲಿಲ್ಲ.

ಕೆಡಹುವ ದಿನ ಹೋಗಿ ನೋಡಿದೆ. ಸಿಮೆಂಟ್ ಉದುರಿದ ಕಡೆ ಒಳಗಿನ ಕೆಂಪುಕಲ್ಲು ಅಷ್ಟು ಗಟ್ಟಿ ಇತ್ತು ಅಂದ್ರೆ ಜೆಸಿಬಿಯವ ಒಂದೇ ಗೋಡೆಗೆ ನಾಲ್ಕು ನಾಲ್ಕು ಸಲ ಗುದ್ದಬೇಕಾಯ್ತು. ಹಂಚುಗಳನ್ನು ಮೊದಲೇ ಇಳಿಸಿ ಪಿಕಪ್ಪಿಗೆ ತುಂಬ್ತಾ ಇದ್ರು, ಒಂದು ಕೇಳಿ ತಂದೆ, ಈಗ ಪ್ರಿಂಟರಿನ ಪಕ್ಕದಲ್ಲಿ ಉಂಟು. ತಿರುಗಿಸಿದ್ರೆ ಹಿಂದೆ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ) ಅಂತ ಅಚ್ಚು, 1865 ಅಂತ ಇಸವಿ. ಅದು ಆ ಹಂಚು ಸುಟ್ಟ ವರ್ಷ ಅಲ್ಲ, ನೇತ್ರಾವತಿ ದಡದಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಆದ ವರ್ಷ. ಮಂಗಳೂರು ಹಂಚು ಅಂತ ದೇಶ ವಿದೇಶಕ್ಕೆ ಹೋದದ್ದಕ್ಕೆಲ್ಲ ಅಲ್ಲಿಂದಲೇ ಆರಂಭ. ಹೊಳೆಯ ಮಣ್ಣು, ನಮ್ಮ ಅಜ್ಜ ಅಜ್ಜಿಯಂದಿರ ಕೂಲಿ, ಹಡಗು ಹತ್ತಿ ಹೋಗ್ತಿತ್ತು. ಅಂಗಡಿಗೆ ಬರುವ ಶಾಲೆ ಮಕ್ಕಳು ಪ್ರಾಜೆಕ್ಟ್ ಪ್ರಿಂಟ್ ತೆಗೀಲಿಕ್ಕೆ ಬಂದಾಗ ಆ ಹಂಚು ಎತ್ತಿ ನೋಡ್ತಾರೆ, ಇಷ್ಟು ಭಾರವಾ ಅಂತ ಕೇಳ್ತಾರೆ.

ನನ್ನಂಥ ಟೈಪಿಂಗಿನವನಿಗೆ ಈ ಊರಿನ ಮೇಲೆ ಇನ್ನೊಂದು ಋಣ ಉಂಟು. ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ 1843ರ ಜುಲೈ 1ಕ್ಕೆ ಹೊರಟದ್ದು ಇಲ್ಲಿಂದ, ಕಲ್ಲಚ್ಚಿನಲ್ಲಿ, ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರ ಕೈಯಲ್ಲಿ. ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲೇ. ನಾನು ದಿನಾ ಒತ್ತುವ ಅಕ್ಷರ ಮೊದಲು ಸೀಸದಲ್ಲಿ ಎರಕ ಆಗಿ ಕೂತ ಊರುಗಳಲ್ಲಿ ಇದೂ ಒಂದು ಅಂತ ನೆನೆದ್ರೆ ಮೈ ಜುಂ ಅಂತದೆ. ಇಂಥ ಊರಲ್ಲಿ ಒಂದು ಕಟ್ಟಡದ ಇತಿಹಾಸ ಎಂತದ್ದು ಅಂತ ಕೆಡವಿದ ಮೇಲೆ ಪೇಪರಿನಲ್ಲಿ ಓದಿ ಗೊತ್ತಾಗುದು ಸರಿಯಾ?

ನೀವು ಕೇಳಬಹುದು, ಸಂರಕ್ಷಿತ ಸ್ಮಾರಕಕ್ಕೆ ಕಾನೂನು ಉಂಟಲ್ಲ ಅಂತ. ಉಂಟು. ಕೇಂದ್ರದ 1958ರ ಕಾಯ್ದೆ, 2010ರಲ್ಲಿ ತಿದ್ದುಪಡಿ ಆದ ಮೇಲೆ ರಾಷ್ಟ್ರೀಯ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸತು ಕಟ್ಲಿಕ್ಕೇ ಇಲ್ಲ, ಅದರಾಚೆ ಇನ್ನೂ 200 ಮೀಟರಿಗೆ ಅನುಮತಿ ಬೇಕು. ರಾಜ್ಯಕ್ಕೂ 1961ರ ಕಾಯ್ದೆ ಉಂಟು. ಆದ್ರೆ ಪಟ್ಟಿಯಲ್ಲಿ ಹೆಸರು ಇದ್ದದ್ದಕ್ಕೆ ಮಾತ್ರ ಅಲ್ಲವಾ ಅದು? ನಮ್ಮ ಬಂದರಿನ ಹಳೇ ಗೋಡೌನುಗಳು, ಹೊಳೆ ಬದಿಯ ಹಂಚಿನ ಕಾರ್ಖಾನೆಗಳ ಚಿಮಣಿ, ಗುತ್ತಿನ ಮನೆಯ (ತುಳುನಾಡಿನ ಹಳೇ ದೊಡ್ಡ ಮನೆತನದ ಮನೆ) ಚಾವಡಿಗಳು, ಕಾರ್‌ಸ್ಟ್ರೀಟಿನ ಮಹಡಿ ಅಂಗಡಿಗಳು, ನೂರು ವರ್ಷ ದಾಟಿದ ಸರ್ಕಾರಿ ಶಾಲೆಗಳು, ಇವುಗಳಲ್ಲಿ ಹೆಚ್ಚಿನವು ಯಾವ ಪಟ್ಟಿಯಲ್ಲೂ ಇಲ್ಲ. ಪಟ್ಟಿಯಲ್ಲಿ ಇಲ್ಲದ್ದು ಕಾನೂನಿನ ಕಣ್ಣಿಗೆ ಬರೇ ಹಳೇ ಕಟ್ಟಡ. ಹಾಗಾಗಿ ಪಟ್ಟಿ ಮಾಡುವ ಕೆಲಸದಿಂದಲೇ ನಮ್ಮನ್ನು ಸೇರಿಸಿಕೊಳ್ಳಿ. ಪಾಲಿಕೆಯಲ್ಲಿ 60 ವಾರ್ಡ್ ಉಂಟು, ಒಂದೊಂದು ವಾರ್ಡಿನಲ್ಲಿ ಹತ್ತು ಹಿರಿಯರು ಒಂದು ಭಾನುವಾರ ನಡೆದುಕೊಂಡು ಹೋದ್ರೆ ಯಾವ ಕನ್ಸಲ್ಟೆಂಟೂ ಕೊಡದ ಪಟ್ಟಿ ತಯಾರಾಗ್ತದೆ, ಟೈಪಿಂಗ್ ನಾನು ಮಾಡಿ ಕೊಡ್ತೇನೆ, ದುಡ್ಡು ಬೇಡ.

ಇನ್ನೂ ಒಂದು ಕಾನೂನು ಉಂಟು, ಅದು ನೆನಪು ಮಾಡಿದ್ರೆ ಸಾಕು. 2005ರ ಮಾಹಿತಿ ಹಕ್ಕು ಕಾಯ್ದೆ ಅಂದ ಕೂಡಲೇ ಎಲ್ಲರಿಗೂ ಹತ್ತು ರೂಪಾಯಿ ಪೋಸ್ಟಲ್ ಆರ್ಡರು ಮಾತ್ರ ನೆನಪಿಗೆ ಬರ್ತದೆ. ಅದರ ನಾಲ್ಕನೇ ಸೆಕ್ಷನ್ ಓದಿ. ಜನರ ಮೇಲೆ ಪರಿಣಾಮ ಆಗುವ ಮುಖ್ಯ ನೀತಿ ರೂಪಿಸುವಾಗ, ತೀರ್ಮಾನ ಪ್ರಕಟಿಸುವಾಗ ಅದಕ್ಕೆ ಸಂಬಂಧಪಟ್ಟ ಎಲ್ಲ ಸಂಗತಿಯನ್ನು ಇಲಾಖೆ ತಾನಾಗಿಯೇ ಪ್ರಕಟಿಸಬೇಕು, ತೀರ್ಮಾನಕ್ಕೆ ಕಾರಣ ಎಂತದ್ದು ಅಂತ ಅದರಿಂದ ತೊಂದರೆ ಆಗುವವರಿಗೆ ತಿಳಿಸಬೇಕು ಅಂತ ಅಲ್ಲೇ ಉಂಟು. ಯಾರೂ ಅರ್ಜಿ ಹಾಕುವ ಮೊದಲೇ. ಮಾಸ್ಟರ್ ಪ್ಲ್ಯಾನ್ ಆದ್ರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಪ್ರಕಟಿಸಿ ಜನರ ಅಭಿಪ್ರಾಯ ಕೇಳಲೇಬೇಕು. ಇಡೀ ಊರಿನ ಪ್ಲ್ಯಾನಿಗೆ ಕೇಳುವ ಸರ್ಕಾರ ಊರಿನ ಒಂದು ನೆನಪು ಅಳಿಸುವಾಗ ಕೇಳ್ಲಿಕ್ಕೆ ಯಾಕೆ ಹಿಂಜರಿಯಬೇಕು?

ನನ್ನ ಅಕ್ಕನ ಮಗಳು ಆರ್ಕಿಟೆಕ್ಚರ್ ಓದ್ತಾಳೆ, ಅವಳು ಒಂದು ದಿನ ಅಂಗಡಿಯಲ್ಲಿ ಕೂತು ಅಮೆರಿಕದ ಒಂದು ಕಾನೂನಿನ ಬಗ್ಗೆ ಹೇಳಿದಳು. ನ್ಯೂಯಾರ್ಕಿನಲ್ಲಿ ಪೆನ್ ಸ್ಟೇಷನ್ ಅಂತ ದೊಡ್ಡ ರೈಲ್ವೆ ಸ್ಟೇಷನ್ ಇತ್ತು, 1963ರಲ್ಲಿ ಅದನ್ನು ಕೆಡಹಲಿಕ್ಕೆ ಶುರು ಮಾಡಿದ್ರು, ಜನರಿಗೆ ತುಂಬ ಬೇಜಾರಾಯ್ತು, ಆ ಬೇಜಾರು ದೇಶದ ತುಂಬ ಹಬ್ಬಿ 1966ರಲ್ಲಿ ಅಲ್ಲಿ ಒಂದು ರಾಷ್ಟ್ರೀಯ ಕಾಯ್ದೆ ಬಂತು. ಅದರ ಸೆಕ್ಷನ್ 106 ಅಂತ ಉಂಟಂತೆ. ಕೇಂದ್ರ ಸರ್ಕಾರದ ದುಡ್ಡಿನಲ್ಲಿ ಆಗುವ, ಇಲ್ಲವೇ ಅದರ ಅನುಮತಿ ಬೇಕಾದ ಯಾವ ಕೆಲಸವೇ ಆಗಲಿ, ರಸ್ತೆ, ಸೇತುವೆ, ಅಣೆಕಟ್ಟು, ಅದರಿಂದ ಐತಿಹಾಸಿಕ ಜಾಗಕ್ಕೆ ಎಂತ ಪರಿಣಾಮ ಅಂತ ಮೊದಲೇ ನೋಡಬೇಕು, ಆ ರಾಜ್ಯದ ಪರಂಪರೆ ಅಧಿಕಾರಿ, ಸ್ಥಳೀಯ ಆಡಳಿತ, ಅಲ್ಲಿನ ಮೂಲನಿವಾಸಿ ಬುಡಕಟ್ಟಿನವರು ಎಲ್ಲರ ಜೊತೆ ಕೂತು ಮಾತಾಡಬೇಕು, ಸಾರ್ವಜನಿಕರ ಅಭಿಪ್ರಾಯ ತಗೊಳ್ಳಬೇಕು. ನನಗೆ ತುಂಬ ಹಿಡಿಸಿದ್ದು ಒಂದು ವಿಷಯ. ಕಟ್ಟಡ ಉಳಿಸಲೇಬೇಕು ಅಂತ ಆ ಸೆಕ್ಷನ್ ಎಲ್ಲೂ ಹೇಳುದಿಲ್ಲ. ಎಲ್ಲ ಕೇಳಿದ ಮೇಲೆ ಕೆಡಹುದು ಅಂತ ತೀರ್ಮಾನ ಆದ್ರೆ ಕೆಡಹಬಹುದು. ಆದ್ರೆ ಕೇಳದೆ ದುಡ್ಡು ಬಿಡುಗಡೆ ಮಾಡುವ ಹಾಗಿಲ್ಲ. ನಾನು ಕೂಡ ಇಷ್ಟೇ ಕೇಳುದು, ಇದಕ್ಕಿಂತ ಒಂದು ಇಂಚು ಜಾಸ್ತಿ ಕೇಳುದಿಲ್ಲ.

ಅಮೆರಿಕದ ಮಾತು ನಮಗೆ ಯಾಕೆ ಅಂತೀರಾದ್ರೆ ಮುಂಬೈ ನೋಡಿ, ರೈಲಲ್ಲಿ ಒಂದು ರಾತ್ರಿ ದೂರ. 1995ರಲ್ಲೇ ಅಲ್ಲಿ ಹೆರಿಟೇಜ್ ನಿಯಮ ಮಾಡಿದ್ರು, ಗ್ರೇಡ್ ಒಂದು ಎರಡು ಮೂರು ಅಂತ ಕಟ್ಟಡಗಳನ್ನು ವಿಂಗಡಿಸಿದ್ರು, ಕೈ ಹಾಕುವ ಮೊದಲು ಒಂದು ಸಮಿತಿಯ ಮುಂದೆ ಹೋಗಬೇಕು ಅಂತ ಮಾಡಿದ್ರು. ಹೈದರಾಬಾದಿನಲ್ಲಿ ಎರ್ರಮ್ ಮಂಜಿಲ್ ಅಂತ ಹಳೇ ಅರಮನೆ ಕೆಡವಿ ಹೊಸ ವಿಧಾನಸಭೆ ಕಟ್ತೇವೆ ಅಂತ ಸರ್ಕಾರ ಹೊರಟಾಗ ಜನ ಕೋರ್ಟಿಗೆ ಹೋದ್ರು, 2019ರಲ್ಲಿ ಹೈಕೋರ್ಟ್ ಆ ಕ್ಯಾಬಿನೆಟ್ ತೀರ್ಮಾನವನ್ನೇ ರದ್ದು ಮಾಡಿತು. ಕೋರ್ಟಿಗೆ ಹೋಗುದು ಒಳ್ಳೆ ದಾರಿ ಅಂತ ಹೇಳ್ಲಿಕ್ಕೆ ಇದನ್ನು ಬರೀಲಿಲ್ಲ. ಮೊದಲೇ ಕೇಳಿದ್ದರೆ ಆಗದ ಖರ್ಚು, ಆಗದ ದ್ವೇಷ ಕೊನೆಗೆ ಕೇಳಿದಾಗ ಆಗ್ತದೆ, ಅದಕ್ಕೆ ಬರೆದೆ. ನಮ್ಮ ಸೆಂಟ್ರಲ್ ಮಾರ್ಕೆಟಿನ ವಿಷಯದಲ್ಲೂ, 2020ರ ಲಾಕ್‌ಡೌನ್ ಸಮಯದಲ್ಲಿ ವ್ಯಾಪಾರಿಗಳನ್ನು ಬೈಕಂಪಾಡಿಗೆ ಕಳಿಸಿದಲ್ಲಿಂದ ಎಷ್ಟು ಓಡಾಟ, ಎಷ್ಟು ಕೋರ್ಟು ಆಯ್ತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಹಂಪನಕಟ್ಟೆಯ ಕ್ಲಾಕ್ ಟವರ್ ಹತ್ತಿರ ನಿಂತು ನೋಡಿ. ನನ್ನ ಅಂಗಡಿಯಿಂದ ನಾಲ್ಕು ಹೆಜ್ಜೆ. ಹಳೇ ಗಡಿಯಾರದ ಗೋಪುರ ಟ್ರಾಫಿಕ್ಕಿಗೆ ಅಡ್ಡ ಆಗ್ತದೆ ಅಂತ ತೊಂಬತ್ತರ ದಶಕದಲ್ಲಿ ತೆಗೆದರು. ಆದ್ರೂ ಜನ ಆ ಜಾಗಕ್ಕೆ ಕ್ಲಾಕ್ ಟವರ್ ಅಂತಲೇ ಹೇಳ್ತಾ ಬಂದ್ರು, ಗೋಪುರ ಇಲ್ಲದ ಜಾಗಕ್ಕೆ ಬಸ್ಸಿನವರು ಕ್ಲಾಕ್ ಟವರ್ ಕ್ಲಾಕ್ ಟವರ್ ಅಂತ ಕರೀತಿದ್ದದ್ದು ನನ್ನ ಕಿವಿಯಲ್ಲಿ ಈಗಲೂ ಉಂಟು. ಕೊನೆಗೆ ಸ್ಮಾರ್ಟ್ ಸಿಟಿ ಬಂದ ಮೇಲೆ ಅಲ್ಲೇ ಹೊಸ ಗೋಪುರ ಕಟ್ಟಿದ್ರು. ಹೊಸತು ಚಂದ ಇಲ್ಲ ಅಂತ ಹೇಳುದಿಲ್ಲ. ಬೇಡ ಅಂತ ತೆಗೆದದ್ದನ್ನು ಬೇಕು ಅಂತ ಕಟ್ಟಿದ್ದು ಅದೇ ಸಾರ್ವಜನಿಕರ ದುಡ್ಡಲ್ಲಿ. ಜನ ಇಷ್ಟು ವರ್ಷ ಬಾಯಲ್ಲಿ ಉಳಿಸಿಕೊಂಡ ಹೆಸರೇ ಅವರ ಅಭಿಪ್ರಾಯ ಆಗಿತ್ತು, ಅದನ್ನು ಯಾರೂ ಯಾವ ನಡಾವಳಿಯಲ್ಲೂ ಬರೆದುಕೊಂಡಿರಲಿಲ್ಲ.

ಇನ್ನು ಕಟ್ಟಡದ ಮಾಲಕರ ಮಾತು. ಇದನ್ನು ಹೇಳದಿದ್ರೆ ನಾನು ಅನ್ಯಾಯ ಮಾಡಿದ ಹಾಗೆ. ನನ್ನ ಅಂಗಡಿಗೆ ಹಳೇ ಮನೆಯ ಒಬ್ಬರು ಅಮ್ಮ ಬರ್ತಾರೆ, ಮಕ್ಕಳು ಗಲ್ಫಲ್ಲಿ, ಪ್ರತಿ ಮೇ ತಿಂಗಳಲ್ಲಿ ಮಾಡು ಕೆರೆಸಿ ಹಂಚು ಕೂರಿಸುವಷ್ಟರಲ್ಲಿ ಅವರ ಪೆನ್ಶನ್ನು ಖಾಲಿ, ಈಗ ಹಂಚು ಕೂರಿಸುವ ಕೆಲಸದವರೂ ಸಿಗುದಿಲ್ಲ. ಅವರ ಹತ್ತಿರ ಹೋಗಿ ನಿಮ್ಮ ಮನೆ ಪರಂಪರೆ, ಮುಟ್ಟಬೇಡಿ ಅಂತ ನೋಟಿಸ್ ಕೊಟ್ರೆ ಅವರು ಎಂತ ಮಾಡಬೇಕು? ರಸ್ತೆ ಅಗಲಕ್ಕೆ ಜಾಗ ಬಿಟ್ಟುಕೊಟ್ಟವರಿಗೆ ಟಿಡಿಆರ್ ಕೊಡ್ತೀರಿ, ಅಂದ್ರೆ ಅದಕ್ಕೆ ಬದಲಾಗಿ ಬೇರೆ ಕಡೆ ಹೆಚ್ಚು ಕಟ್ಟುವ, ಇಲ್ಲವೇ ಮಾರುವ ಹಕ್ಕು. ಮುಂಬೈಯಲ್ಲಿ ಹೆರಿಟೇಜ್ ಕಟ್ಟಡ ಉಳಿಸಿಕೊಂಡವರಿಗೂ ಟಿಡಿಆರ್ ಸಿಗುವ ವ್ಯವಸ್ಥೆ ಉಂಟು. ಇಲ್ಲೂ ಅಂಥದ್ದೊಂದು ಮಾಡಿ, ಮನೆ ತೆರಿಗೆಯಲ್ಲಿ ರಿಯಾಯಿತಿ ಕೊಡಿ, ರಿಪೇರಿಗೆ ಒಬ್ಬ ಒಳ್ಳೆ ಇಂಜಿನಿಯರನ್ನು ಉಚಿತವಾಗಿ ಕಳಿಸಿ. ಸಾರ್ವಜನಿಕರ ಅಭಿಪ್ರಾಯ ಅಂದ್ರೆ ಹೊರಗೆ ನಿಂತು ಫೋಟೋ ತೆಗೆಯುವವರದ್ದು ಮಾತ್ರ ಅಲ್ಲ, ಒಳಗೆ ಮಳೆಗೆ ಬಕೆಟ್ ಇಡುವವರದ್ದೂ ಹೌದು. ಆ ಅಮ್ಮ ಸಭೆಯಲ್ಲಿ ಕೂತು "ನನ್ನಿಂದ ಆಗುದಿಲ್ಲ" ಅಂದ್ರೆ ಅದನ್ನೂ ಬರ್ಕೊಳ್ಳಬೇಕು.

ಜನರ ಪ್ರಾಣದ ವಿಷಯ ಬಂದಾಗ ಹಳೇ ಕಟ್ಟಡ ದೊಡ್ಡದಲ್ಲ, ಅದು ನನಗೂ ಗೊತ್ತುಂಟು. ಮೈಸೂರಿನಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ತೀರಿಕೊಂಡರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಆಮೇಲೆ ಕೆಡಹಬೇಕಾ ಉಳಿಸಬೇಕಾ ಅಂತ ಸಮಿತಿ ಮೇಲೆ ಸಮಿತಿ, ಕೋರ್ಟು, ಹತ್ತು ವರ್ಷ ಹೋಯ್ತು. ಅಲ್ಲಿಂದ ನಾನು ಕಲಿತದ್ದು ಏನಂದ್ರೆ ಬಿದ್ದ ಮೇಲೆ ಕೇಳ್ಲಿಕ್ಕೆ ಹೋದ್ರೆ ಎಲ್ಲರ ಬಾಯಲ್ಲೂ ಸಿಟ್ಟು ಮತ್ತು ಹೆದರಿಕೆ ಮಾತ್ರ ಇರ್ತದೆ. ಪ್ರತಿ ವರ್ಷ ಮಳೆಗೆ ಮೊದಲು ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ನೋಡಿ ಬಂದು ಅದರ ರಿಪೋರ್ಟನ್ನು ಕಟ್ಟಡದ ಬಾಗಿಲಲ್ಲೇ ಹಚ್ಚಿ. ನಿಜವಾಗಿ ಶಿಥಿಲ ಆದ್ರೆ ನಾವೇ ಬೇಡ ಅಂತೇವೆ, ಯಾರ ಮಕ್ಕಳನ್ನೂ ಬೀಳುವ ಗೋಡೆಯ ಕೆಳಗೆ ಕೂರಿಸ್ಲಿಕ್ಕೆ ಯಾರಿಗೂ ಇಷ್ಟ ಇಲ್ಲ. ಆದ್ರೆ ಶಿಥಿಲ ಅಂತ ಬರೆದವರು ಯಾರು, ಯಾವ ದಿನ ಬಂದ್ರು, ಗೋಡೆಯ ಯಾವ ಭಾಗ ಕೆತ್ತಿ ನೋಡಿದ್ರು, ರಿಪೇರಿಗೆ ಎಷ್ಟು ಆಗ್ತದೆ ಅಂತ ಲೆಕ್ಕ ಹಾಕಿದ್ರಾ, ಇಷ್ಟು ನಮಗೆ ಗೊತ್ತಾಗಬೇಕು.

ಹಾಗಾದ್ರೆ ಎಂತ ಮಾಡಬೇಕು ಅಂತ ಕೇಳ್ತೀರಲ್ಲ. ದೊಡ್ಡ ದುಡ್ಡಿನ ಕೆಲಸ ಒಂದೂ ಇಲ್ಲ ಇದರಲ್ಲಿ. ಐವತ್ತು ಅರವತ್ತು ವರ್ಷ ದಾಟಿದ ಸಾರ್ವಜನಿಕ ಕಟ್ಟಡ ಯಾವುದೇ ಆಗಲಿ, ಅದನ್ನು ಕೆಡಹುವ ಇಲ್ಲವೇ ರೂಪ ಬದಲಿಸುವ ಯೋಚನೆ ಬಂದ ಕೂಡಲೇ, ಅಂದ್ರೆ ಡಿಪಿಆರ್ ಬರೆಯುವ ಮೊದಲೇ, ಅದೇ ಕಟ್ಟಡದ ಮುಂದೆ ದೊಡ್ಡ ಬೋರ್ಡ್ ಹಾಕಿ, ಕನ್ನಡದಲ್ಲಿ, ರಸ್ತೆಯಲ್ಲಿ ಹೋಗುವವನಿಗೆ ಓದ್ಲಿಕ್ಕೆ ಆಗುವ ಅಕ್ಷರದಲ್ಲಿ. ಇಂಗ್ಲೆಂಡಿನಲ್ಲಿ ಪಟ್ಟಿಯಲ್ಲಿರುವ ಕಟ್ಟಡಕ್ಕೆ ಕೈ ಹಾಕುವಾಗ ಹೀಗೆ ಜಾಗದಲ್ಲೇ ನೋಟಿಸ್ ಹಚ್ಚಿ 21 ದಿನ ಕೊಡ್ತಾರಂತೆ. ನಮಗೆ ಒಂದು ತಿಂಗಳು ಕೊಡಿ, ಮಳೆಗಾಲ ಆದ್ರೆ ಇನ್ನೂ ಸ್ವಲ್ಪ ಜಾಸ್ತಿ. ಸಭೆ ಇಡುದಾದ್ರೆ ಕಚೇರಿ ಟೈಮಲ್ಲಿ ಬೇಡ, ಸಂಜೆ ಆರರ ಮೇಲೆ, ಇಲ್ಲದಿದ್ರೆ ಭಾನುವಾರ, ಹತ್ತಿರದ ಶಾಲೆಯಲ್ಲಿ ಇಡಿ, ಮೀನು ಮಾರುವವರು, ರಿಕ್ಷಾದವರು, ಮಲ್ಲಿಗೆ ಕಟ್ಟುವವರು ಬರುವ ಹಾಗೆ. ತುಳು, ಕೊಂಕಣಿ, ಬ್ಯಾರಿ ಯಾವುದರಲ್ಲಿ ಮಾತಾಡಿದ್ರೂ ಬರೆದುಕೊಳ್ಳುವ ಒಬ್ಬರನ್ನು ಕೂರಿಸಿ, ನಮ್ಮ ಊರಲ್ಲಿ ಅಂಥವರಿಗೆ ಬರಗಾಲ ಇಲ್ಲ. ಯಾರು ಎಂತ ಹೇಳಿದ್ರು ಅಂತ ನಡಾವಳಿಯಲ್ಲಿ ಬರಲಿ, ಒಪ್ಪಿದ್ರೆ ಒಪ್ಪಿದ್ದು, ಒಪ್ಪದಿದ್ರೆ ಯಾಕೆ ಒಪ್ಪಲಿಲ್ಲ ಅಂತ ಎರಡು ಸಾಲು. ಆ ಎರಡು ಸಾಲಿಗಾಗಿ ಜನ ಎಷ್ಟು ಕಾಯ್ತಾರೆ ಅಂತ ನಿಮಗೆ ಗೊತ್ತಿಲ್ಲ. ಆರು ತಿಂಗಳು ಆದ ಮೇಲೂ ಬಂದು "ನನ್ನ ಕಾಗದಕ್ಕೆ ಉತ್ತರ ಬಂತಾ" ಅಂತ ಕೇಳ್ತಾರೆ, ಉತ್ತರ ನನ್ನ ಅಂಗಡಿಗೆ ಬರುದು ಅಂತ ಅಂದುಕೊಂಡವರೂ ಇದ್ದಾರೆ.

ಕೇಳಿದ್ರೆ ಕೆಲಸ ತಡ ಆಗ್ತದೆ ಅಂತ ಒಬ್ಬರು ಅಧಿಕಾರಿ ನನ್ನ ಹತ್ತಿರವೇ ಹೇಳಿದ್ರು, ಅವರು ಒಳ್ಳೆಯವರು, ಮೇಲಿನಿಂದ ಮಾರ್ಚ್ 31ರ ಒಳಗೆ ಬಿಲ್ಲು ಆಗಬೇಕು ಅಂತ ಒತ್ತಡ ಇರ್ತದೆ ಅಂದ್ರು. ಅವರ ಕಷ್ಟ ನನಗೆ ಅರ್ಥ ಆಗ್ತದೆ. ಆದ್ರೆ ಒಂದು ತಿಂಗಳ ತಡಕ್ಕೆ ಹೆದರಿ ನೂರು ವರ್ಷದ್ದನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸುದು ಯಾವ ಲೆಕ್ಕ ಸರ್? ಬಜೆಟ್ ಮುಂದಿನ ವರ್ಷವೂ ಬರ್ತದೆ.

ನಮ್ಮ ಊರಿನವರಿಗೂ ಒಂದು ಮಾತು. ಕಟ್ಟಡ ಬಿದ್ದ ಮೇಲೆ ಸ್ಟೇಟಸ್ಸಿಗೆ ಹಳೇ ಫೋಟೋ ಹಾಕ್ತೇವೆ, ಎಷ್ಟು ಚಂದ ಇತ್ತು ಮಾರಾಯ್ರೆ ಅಂತೇವೆ. ಅದರ ಬದಲು ಈಗಲೇ, ಇನ್ನೂ ನಿಂತಿರುವಾಗ, ನಿಮ್ಮ ಬೀದಿಯ ಹಳೇ ಕಟ್ಟಡದ ಬಗ್ಗೆ ಗೊತ್ತಿದ್ದದ್ದನ್ನು ಅರ್ಧ ಪುಟ ಬರೆದು ಇಡಿ. ಯಾವಾಗ ಕಟ್ಟಿದ್ದು, ಕಟ್ಟಿದ ಮೇಸ್ತ್ರಿ ಯಾವ ಊರಿನವರು, ಮರ ಎಲ್ಲಿಂದ ಬಂದದ್ದು, ಯಾವ ಮಳೆಗೆ ಎಲ್ಲಿ ಸೋರಿದ್ದು. ಬರೀಲಿಕ್ಕೆ ಬಾರದಿದ್ರೆ ಅಂಗಡಿಗೆ ಬನ್ನಿ, ಹೇಳಿ, ನಾನು ಟೈಪ್ ಮಾಡ್ತೇನೆ.

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಈ ಪತ್ರದ ಪ್ರಿಂಟ್ ಹಿಡ್ಕೊಂಡು ನಾನೇ ನಿಮ್ಮ ಕಚೇರಿಗಳಿಗೆ ಬರ್ತೇನೆ. ಮೇಸ್ತ್ರಿಯವರೂ ಬರ್ತಾರೆ, ಮೊಣಕಾಲು ನೋವು ಉಂಟು, ಅದಕ್ಕೆ ಕೆಳಗಿನ ಮಾಳಿಗೆಯಲ್ಲೇ ಯಾರಾದ್ರೂ ತಗೊಂಡ್ರೆ ಉಪಕಾರ. ಅವರ ಹಳೇ ಎರಡು ಪುಟವನ್ನೂ ಜೊತೆಗೆ ಲಗತ್ತಿಸಿದ್ದೇನೆ, ಆ ಕಟ್ಟಡ ಹೋಯ್ತು, ಆದ್ರೆ ಅದೇ ರಸ್ತೆಯಲ್ಲಿ ಅದೇ ಕಲ್ಲಿನ, ಅದೇ ಸಿಮೆಂಟ್ ಬಳಿದ ಇನ್ನೂ ಎರಡು ಕಟ್ಟಡ ಉಂಟು, ಅವಕ್ಕೂ ಅದೇ ಚರಂಡಿ ಬೇಕು, ಪಡುವಕ್ಕೆ ಇಳಿಜಾರು.

ಇತಿ,
ಹಂಪನಕಟ್ಟೆಯ ಒಬ್ಬ ಜೆರಾಕ್ಸ್ ಅಂಗಡಿಯವ
ಮಂಗಳೂರು